ನಾಲ್ಕೆಲೆಯಕ್ಕನ ಇನ್ನೂರ ಅರವತ್ತನಾಲ್ಕು ಸಾಲು

ಶನಿವಾರ, ಬೆಳಗಿನ ಐದೂಮುಕ್ಕಾಲು. ಹೊಲದ ಬದುವಿನ ಮೇಲೆ ಎಂಟು ಜೊತೆ ಚಪ್ಪಲಿಗಳಿವೆ. ಮಣ್ಣು ಇನ್ನೂ ತಣ್ಣಗಿದೆ. ಅಂಗೈಯಗಲ ಎತ್ತರದ ಕಡಲೆಕಾಯಿ ಗಿಡಗಳು ಎಲೆ ಮಡಚಿಕೊಂಡು ನಿಂತಿವೆ. ಒಬ್ಬ ಗಂಡಸು ಮಾತ್ರ ಕೆಲಸ ಶುರುಮಾಡಿದ್ದಾರೆ. ಹಳೆಯ ಸೈಕಲ್ಲಿನ ಮುಂದಿನ ಗಾಲಿಗೆ ಅಲಗು ಕಟ್ಟಿ ಮಾಡಿದ ಸೈಕಲ್ ಕುಂಟೆಯನ್ನು ಅವರು ಎರಡು ಸಾಲುಗಳ ನಡುವೆ ತಳ್ಳಿಕೊಂಡು ಹೋಗುತ್ತಿದ್ದಾರೆ. ಹಿಂದೆ ಹುಲ್ಲು ಬುಡಮೇಲಾಗಿ ಬೀಳುತ್ತಿದೆ.

ಉಳಿದ ಏಳು ಹೆಂಗಸರು ಸಾಲಿನ ತುದಿಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಾರೆ. ಮುಂದಿರುವವರಿಗೆ ಐವತ್ತೆಂಟು ವರ್ಷ. ಬಲಗೈ ಹೆಬ್ಬೆರಳಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿಕೊಂಡಿದ್ದಾರೆ. ಎದುರಿನ ಗಿಡವನ್ನೇ ನೋಡುತ್ತಿದ್ದಾರೆ, ಕೈ ಹಚ್ಚುವುದಿಲ್ಲ.

“ಇನ್ನೂ ಕಣ್ಣು ಬಿಟ್ಟಿಲ್ಲ. ಏಳ್ಲಿ, ಆಮೇಲೆ ಮುಟ್ಟೋಣ,” ಎನ್ನುತ್ತಾರೆ, ತೊಟ್ಟಿಲ ಪಕ್ಕ ಕೂತವರ ದನಿಯಲ್ಲಿ.

ಕಡಲೆಕಾಯಿ ಬೆಳೆಯುವ ಸುತ್ತಲಿನ ಹೊಲಗಳಲ್ಲಿ ಇವರನ್ನು ಎಲ್ಲರೂ ನಾಲ್ಕೆಲೆಯಕ್ಕ ಎಂದೇ ಕರೆಯುತ್ತಾರೆ. ಕಡಲೆಕಾಯಿಯ ಒಂದು ಕಡ್ಡಿಗೆ ನಾಲ್ಕು ಎಲೆ. ಅದರ ಪಕ್ಕದಲ್ಲೇ ಅದರ ತಂಗಿಯ ಹಾಗೆ ಏಳುವ ತಗಚೆ ಎಂಬ ಕಳೆಗೆ ಆರು. ಹಗಲಲ್ಲಿ ಎಣಿಸಿದರೆ ಗೊತ್ತಾಗುತ್ತದೆ. ಆದರೆ ಕತ್ತಲಾದ ಕೂಡಲೇ ಎರಡೂ ಎಲೆ ಮಡಚುತ್ತವೆ, ಬಿಸಿಲು ತಾಗುವವರೆಗೆ ಬಿಚ್ಚುವುದಿಲ್ಲ. ಆ ಹೊತ್ತಿನಲ್ಲಿ ಬೆಳೆ ಯಾವುದು ಕಳೆ ಯಾವುದು ಎಂದು ಹೇಳುವುದು ಅನುಭವಸ್ಥರಿಗೂ ಕಷ್ಟ. ಹೊಸಬರು ಯಾರೇ ಬರಲಿ, ನಾಲ್ಕೆಲೆಯಕ್ಕ ಮೊದಲು ಹೇಳುವ ಮಾತು ಒಂದೇ: “ನಾಲ್ಕು ಎಣಿಸು, ಬಿಡು. ಆರು ಎಣಿಸು, ಕೀಳು.” ಅವರ ಗುಂಪು ನಸುಕಿನಲ್ಲಿ ಸಾಲುಗಳ ನಡುವೆ ಕುಂಟೆ ಹೊಡೆಯುತ್ತದೆ. ಗಿಡದ ಬುಡಕ್ಕೆ ಕೈ ಹಾಕುವುದು ಎಲೆ ಬಿಚ್ಚಿದ ಮೇಲೆಯೇ.

ಆರೂಕಾಲಿಗೆ ಬಿಸಿಲು ಬದು ದಾಟಿ ಬರುತ್ತದೆ. ಒಂದೊಂದೇ ಗಿಡ ಎಲೆ ಅಗಲಿಸುತ್ತದೆ. “ಹ್ಞೂಂ, ನಡೀರಿ,” ಎನ್ನುತ್ತಲೇ ಏಳೂ ಜನ ಸಾಲಿಗೆ ಇಳಿಯುತ್ತಾರೆ. ನಾಲ್ಕೆಲೆಯಕ್ಕ ಎಡಗೈಯ ಎರಡು ಬೆರಳಿನಿಂದ ಬೆಳೆಯ ಬುಡ ಒತ್ತಿ ಹಿಡಿಯುತ್ತಾರೆ, ಬಲಗೈಯಿಂದ ಕಳೆಯನ್ನು ಓರೆಯಾಗಿ ಎಳೆಯುತ್ತಾರೆ, ಮಣ್ಣು ಕೊಡವಿ ಮಡಿಲಿಗೆ ಹಾಕಿಕೊಳ್ಳುತ್ತಾರೆ. ಕಿತ್ತದ್ದನ್ನು ಅಲ್ಲೇ ಎಸೆದರೆ ಹಸಿ ಮಣ್ಣಿಗೆ ಮತ್ತೆ ಬೇರು ಬಿಡುತ್ತದೆ. ಹಾಗಾಗಿ ಮಡಿಲು ತುಂಬಿದಾಗೆಲ್ಲ ಬದುವಿಗೆ ಹೋಗಿ ಸುರಿದು ಬರಬೇಕು. ಕೈ ಎಷ್ಟು ಬೇಗ ಓಡುತ್ತದೆಂದರೆ ಎಣಿಸುತ್ತಿದ್ದಾರೆಂದೇ ಅನಿಸುವುದಿಲ್ಲ. ಕೇಳಿದರೆ ನಗುತ್ತಾರೆ: “ಸ್ವಂತ ಮಕ್ಕಳ ಮುಖ ಎಣಿಸಿ ಗುರುತು ಹಿಡೀತೀವಾ?”

ಹೊಲ ಎರಡು ಎಕರೆ. ಸಾಲು ಇನ್ನೂರ ಅರವತ್ತನಾಲ್ಕು, ಒಂದೊಂದೂ ನೂರು ಮೀಟರ್ ಉದ್ದ. ಗುರುವಾರ ಶುರುಮಾಡಿದ್ದು, ಶುಕ್ರವಾರ ಸಂಜೆಗೆ ನೂರ ಇಪ್ಪತ್ತೆಂಟು ಮುಗಿದಿವೆ. ಉಳಿದದ್ದು ಎರಡು ದಿನದಲ್ಲಿ ಆಗಬೇಕು. ಅಂದರೆ ತಲೆಗೆ ದಿನಕ್ಕೆ ಎಂಟೂವರೆ ಸಾಲು, ಕುಕ್ಕರಗಾಲಲ್ಲಿ ಎಂಟುನೂರ ಐವತ್ತು ಮೀಟರ್. ಭಾನುವಾರ ಸಂಜೆ ಎಂಬುದು ಇವರೇ ಕೊಟ್ಟ ಮಾತು. ಸೋಮವಾರ ಬೆಳಗ್ಗೆ ಈ ಹೊಲವನ್ನು ಉತ್ತು ಹಾಕಲು ಟ್ರ್ಯಾಕ್ಟರ್ ಬರಲಿದೆ.

ಹೊಲ ಮಾಡಿಸುತ್ತಿರುವವರು ಆಸ್ಪತ್ರೆಯಿಂದ ನಿವೃತ್ತರಾದ ನರ್ಸ್ ಒಬ್ಬರು. ಇದು ಅವರ ಮೊದಲ ಬೆಳೆ. ಬಿತ್ತನೆಯಾಗಿ ಮೂರು ವಾರಕ್ಕೆ ಮಳೆ ಹಿಡಿಯಿತು, ಎಂಟು ದಿನ ಬಿಡಲಿಲ್ಲ. ಕೆಸರಿನಲ್ಲಿ ಕುಂಟೆ ಆಡಲಿಲ್ಲ. “ನಾನು ದಿನಾ ಬಂದು ನೋಡಿ ಖುಷಿಪಡ್ತಿದ್ದೆ, ಎಷ್ಟು ಹಸಿರಾಗಿದೆ ಅಂತ,” ಎನ್ನುತ್ತಾರೆ ಅವರು. “ಅದರಲ್ಲಿ ಮುಕ್ಕಾಲು ಪಾಲು ನಂದಲ್ಲ ಅಂತ ಆಮೇಲೆ ಗೊತ್ತಾಯ್ತು.” ಕಳೆ ಇಷ್ಟು ಬೆಳೆದ ಮೇಲೆ ಔಷಧಿ ಹೊಡೆದು ಪ್ರಯೋಜನವಿಲ್ಲ ಎಂದು ಅಂಗಡಿಯವರು ಕೈಚೆಲ್ಲಿದರು. ಉಳಿದದ್ದು ಟ್ರ್ಯಾಕ್ಟರ್. ಹೊಲವನ್ನೊಮ್ಮೆ ಕೊನೆಯದಾಗಿ ನೋಡಿ ಹೋಗೋಣವೆಂದು ನರ್ಸಮ್ಮ ಬಂದಾಗ, ಪಕ್ಕದ ಹೊಲದಲ್ಲಿ ಕೆಲಸ ಮುಗಿಸಿ ಕೈ ತೊಳೆಯುತ್ತಿದ್ದ ನಾಲ್ಕೆಲೆಯಕ್ಕ ಬೇಲಿಯಾಚೆಯಿಂದ ಇಣುಕಿದರು. “ಗಿಡ ಗಟ್ಟಿ ಇದೆ ಮೇಡಂ. ಉಸಿರು ಕಟ್ಟಿದೆ, ಅಷ್ಟೆ. ನಾಲ್ಕು ದಿನ ಕೊಡಿ.”

ಇಷ್ಟು ಅವಸರ ಯಾಕೆಂದರೆ, ಕಡಲೆಕಾಯಿಯ ಲೆಕ್ಕವೇ ಬೇರೆ. ಹೂ ನೆಲದ ಮೇಲೆ, ಕಾಯಿ ನೆಲದ ಒಳಗೆ. ಹೂ ಬಾಡಿದ ಮೇಲೆ ಅದರ ಬುಡದಿಂದ ಚೂಪಾದ ಎಳೆಯೊಂದು ಹೊರಟು ಮಣ್ಣಿಗೆ ಇಳಿಯುತ್ತದೆ. ಕೆಲಸದವರು ಅದನ್ನು ಸೂಜಿ ಎನ್ನುತ್ತಾರೆ. ಅದರ ತುದಿಯೇ ಮುಂದೆ ಕಾಯಾಗುವುದು. ಸೂಜಿ ಇಳಿಯತೊಡಗಿದ ಮೇಲೆ ಬುಡದ ಮಣ್ಣು ಕದಲಿಸುವಂತಿಲ್ಲ. ಒಂದು ಸೂಜಿ ಮುರಿದರೆ ಒಂದು ಕಾಯಿ ಹೋಯಿತು. ಬಿತ್ತಿದ ಸುಮಾರು ನಲವತ್ತು ದಿನದೊಳಗೆ ಕಳೆ ತೆಗೆದರೆ ತೆಗೆದಂತೆ, ಇಲ್ಲದಿದ್ದರೆ ಇಲ್ಲ. ಅವರು ಬೇಲಿಯಾಚೆಯಿಂದ ಇಣುಕಿದ್ದು ಮೂವತ್ತಮೂರನೆಯ ದಿನ.

ನಾಲ್ಕೆಲೆಯಕ್ಕ ಈ ಕೆಲಸ ಕಲಿತದ್ದು ಅತ್ತೆಯಿಂದ. ಮದುವೆಯಾಗಿ ಬಂದ ಮೊದಲ ವರ್ಷ ಅರ್ಧ ಸಾಲು ಬೆಳೆಯನ್ನೇ ಕಿತ್ತು, ಹೆದರಿ ಮಣ್ಣಲ್ಲಿ ಮುಚ್ಚಿದ್ದರಂತೆ. ಅತ್ತೆ ಬೈಯಲಿಲ್ಲ. ಮಣ್ಣು ಕೆದಕಿಸಿ ಎಲ್ಲ ಗಿಡ ಹೊರತೆಗೆಸಿ, ಬದುವಿನ ಮೇಲೆ ಹೊಲದವರಿಗೆ ಕಾಣುವಂತೆ ಜೋಡಿಸಿಡಲು ಹೇಳಿದರು. ಅಂದಿನಿಂದ ಈ ಗುಂಪಿನಲ್ಲಿ ಅದೇ ಪದ್ಧತಿ. ಯಾರ ಕೈಯಿಂದ ಬೆಳೆ ಬಂದರೂ ಅದು ಬದುವಿನ ಮೇಲೆ ಬರಬೇಕು. ಸಂಜೆ ಹೊಲದವರ ಮುಂದೆ ಎಣಿಸಬೇಕು. “ಮುಚ್ಚಿದ್ರೆ ಯಾರಿಗೂ ಗೊತ್ತಾಗಲ್ಲ, ನಿಜ. ಆದ್ರೆ ಮುಚ್ಚೋದನ್ನ ಕಲ್ತ ಕೈ ನೋಡಿ ಕೀಳೋದನ್ನ ಮರೆಯುತ್ತೆ,” ಎನ್ನುತ್ತಾರೆ.

ಈ ವರ್ಷ ಗುಂಪಿಗೆ ಅವರ ಸೊಸೆಯೂ ಸೇರಿದ್ದಾಳೆ. ಟೈಲರ್ ಅಂಗಡಿಯಲ್ಲಿ ಗುಂಡಿ ಹೊಲಿಯುತ್ತಿದ್ದವಳು. ಅಲ್ಲಿ ಕೆಲಸ ಕಡಿಮೆಯಾಗಿ, ಅತ್ತೆಯ ಮಂಡಿ ನೋವು ಜಾಸ್ತಿಯಾಗಿ, “ನಾನೂ ಬರ್ತೀನಿ” ಎಂದಳಂತೆ. ಗುರುವಾರ ಅವಳ ಮೊದಲ ದಿನ. ಎಲ್ಲರಿಗಿಂತ ಹಿಂದೆ ಬೀಳುತ್ತೇನೆಂದು ಹೆದರಿ, ಉಳಿದವರು ಬಿಸಿಲಿಗೆ ಕಾಯುತ್ತಿದ್ದಾಗಲೇ ಆಚೆ ತುದಿಗೆ ಹೋಗಿ ಸದ್ದಿಲ್ಲದೆ ಸಾಲು ಹಿಡಿದಳು. ಬಿಸಿಲು ಬಂದಾಗ ಮೂರು ಮೀಟರ್ ಉದ್ದಕ್ಕೆ ತಗಚೆಗಳು ಆರಾರು ಎಲೆ ಬಿಚ್ಚಿ ಅಚ್ಚುಕಟ್ಟಾಗಿ ಸಾಲುಗಟ್ಟಿ ನಿಂತಿದ್ದವು. ಕಡಲೆಕಾಯಿ ಗಿಡಗಳು ಅವಳ ಮಡಿಲಲ್ಲಿದ್ದವು.

“ಏನಮ್ಮಾ, ನರ್ಸಮ್ಮನಿಗೆ ತಗಚೆ ತೋಟ ಮಾಡ್ಕೊಡ್ತೀಯಾ?” ಎಂದು ಗುಂಪಿನ ಹಿರಿಯಾಕೆ, ಎಲ್ಲರೂ ಚಿಕ್ಕಮ್ಮ ಎನ್ನುವವರು, ನಗೆಯಾಡಿದರು. ಸೊಸೆ ಅಳುವುದೊಂದು ಬಾಕಿ. ಇಪ್ಪತ್ತೇಳು ಗಿಡ ಬದುವಿಗೆ ಬಂದವು. ಸಂಜೆ ನಾಲ್ಕೆಲೆಯಕ್ಕನೇ ನರ್ಸಮ್ಮನ ಮುಂದೆ ನಿಂತು ಎಣಿಸಿದರು. “ನಮ್ಮ ಮನೆಯವಳದೇ ತಪ್ಪು. ಹೇಳಿಕೊಟ್ಟಿದ್ದು ಸಾಲಲಿಲ್ಲ, ಅದು ನಂದು.” ನರ್ಸಮ್ಮ ಗಿಡಗಳನ್ನೊಮ್ಮೆ, ಸೊಸೆಯನ್ನೊಮ್ಮೆ ನೋಡಿ ಹೇಳಿದರು: “ನಾನು ಮೊದಲ ದಿನ ಇಂಜೆಕ್ಷನ್ನು ರೋಗಿ ಬದಲು ದಿಂಬಿಗೆ ಚುಚ್ಚಿದ್ದೆ. ನಾಳೆ ಬಾಮ್ಮ.”

ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಬುತ್ತಿ ಬಿಚ್ಚುತ್ತಾರೆ. ಕುಂಟೆ ತಳ್ಳುವವರು ನಾಲ್ಕೆಲೆಯಕ್ಕನ ಗಂಡ. ಅವರು ಸಾಲುಗಳ ನಡುವಿನ ಕೆಲಸ ಪೂರ್ತಿ ಮುಗಿಸಿದ್ದಾರೆ. ಇನ್ನು ಅವರೂ ಕೂತು ಕೀಳಬೇಕು. “ಇವರು ಕೀಳೋಕೆ ಕೂತ್ರೆ ನಾವು ಹಿಂದೆ ಇನ್ನೊಂದ್ಸಲ ಕೀಳ್ಬೇಕು,” ಎಂದು ಹೆಂಡತಿ ಚುಚ್ಚುತ್ತಾರೆ. “ನಿಂಗೆ ಕೆಲಸ ಇರ್ಲಿ ಅಂತಾನೇ ಬಿಡೋದು,” ಎನ್ನುತ್ತಾರೆ ಗಂಡ, ತಲೆಯೆತ್ತದೆ. ಸಂಜೆ ಐದೂವರೆಗೆ ಉಳಿಯುವುದು ಅರವತ್ತೆಂಟು ಸಾಲು.

ಅವರ ಮನೆ ಎರಡು ಕೋಣೆಯದು. ಸಂಜೆ ನಾಲ್ಕೆಲೆಯಕ್ಕ ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಕೂರುತ್ತಾರೆ. ಲಾರಿಗೆ ಮೂಟೆ ಹೇರುವ ಮಗ ಬಂದು ತಾಯಿಯ ಮಂಡಿಗೆ ಎಣ್ಣೆ ಹಚ್ಚುತ್ತಾನೆ. ದೂರುಗಳಿಲ್ಲವೇ ಎಂದರೆ ಯೋಚಿಸಿ ಹೇಳುತ್ತಾರೆ: “ಮಂಡಿ ಇದೆ. ಬಿಸಿಲಿದೆ. ಹೊಲದ ಹತ್ರ ಹೆಂಗಸರಿಗೆ ಮರೆ ಇರಲ್ಲ, ಅದೊಂದು ತಾಪತ್ರಯ. ಆದ್ರೆ ಸಂಜೆ ತಿರುಗಿ ನೋಡಿದಾಗ ಸಾಲು ಬಾಚಣಿಗೆಯಲ್ಲಿ ಬಾಚಿದ ಹಾಗೆ ಕಾಣುತ್ತಲ್ಲ, ಅದನ್ನ ನೋಡಿದ ಮೇಲೆ ಅನ್ನ ಸೇರುತ್ತೆ.”

ಭಾನುವಾರ ನಸುಕಿನಲ್ಲಿ ಹೊಲದ ಮೇಲ್ಭಾಗಕ್ಕೆ ಬಂದ ನಾಲ್ಕೆಲೆಯಕ್ಕ ಇದ್ದಕ್ಕಿದ್ದಂತೆ ನೆಲಕ್ಕೆ ಬೋರಲು ಮಲಗುತ್ತಾರೆ. ಕೆನ್ನೆಯನ್ನು ಮಣ್ಣಿಗೆ ತಾಗಿಸಿ ಗಿಡದ ಅಡಿ ನೋಡುತ್ತಾರೆ. ಇನ್ನೊಂದು ಗಿಡ, ಮತ್ತೊಂದು. ಎದ್ದಾಗ ಮುಖ ಬಿಗಿದಿದೆ.

“ಸೂಜಿ ಇಳಿದಿದೆ.”

ನರ್ಸಮ್ಮ ತಲೆಗೆ ಕೈಯಿಟ್ಟುಕೊಳ್ಳುತ್ತಾರೆ. ಬಿತ್ತುವಾಗ ಯಂತ್ರ ಕೆಟ್ಟು ನಿಂತಿತ್ತು. ಮೇಲಿನ ಮೂವತ್ತು ಸಾಲು ಮೂರು ದಿನ ಮೊದಲೇ ಬಿತ್ತಿದ್ದು. “ಹೇಳೋದು ಮರೆತೇಬಿಟ್ಟೆ ಅಕ್ಕಾ.”

ಗೇಣುದ್ದ ಬೆಳೆದ ತಗಚೆಯನ್ನು ಎಳೆದರೆ ಬೇರಿನೊಂದಿಗೆ ಮಣ್ಣು ಬರುತ್ತದೆ, ಮಣ್ಣಿನೊಂದಿಗೆ ಸೂಜಿ. ಬಿಟ್ಟರೆ ಅದು ಸೊಂಟದೆತ್ತರ ಬೆಳೆದು ಬೆಳೆಯನ್ನು ನೆರಳಲ್ಲಿ ಸಾಯಿಸಿ, ಇಡೀ ಹೊಲಕ್ಕೆ ಬೀಜ ಉದುರಿಸುತ್ತದೆ. “ಮೂವತ್ತು ಸಾಲು ಹೋದ್ರೆ ಹೋಗ್ಲಿ, ಅಷ್ಟನ್ನ ಟ್ರ್ಯಾಕ್ಟರಿಗೆ ಕೊಟ್ಬಿಡೋಣ,” ಎನ್ನುತ್ತಾರೆ ಚಿಕ್ಕಮ್ಮ. ನಾಲ್ಕೆಲೆಯಕ್ಕ ಹೆಬ್ಬೆರಳಿನ ಟ್ಯೂಬು ಬಿಚ್ಚಿ ಮತ್ತೆ ಸುತ್ತುತ್ತಾರೆ.

“ಅತ್ತೆ,” ಎನ್ನುತ್ತಾಳೆ ಸೊಸೆ, ಸಣ್ಣ ದನಿಯಲ್ಲಿ. “ಕೀಳೋದೇ ಯಾಕೆ? ಕತ್ತರಿಸಿದ್ರೆ?”

“ಕುಡುಗೋಲು ಬೆಳೆಗೇ ತಾಗುತ್ತೆ ಕಣೆ.”

“ಕುಡುಗೋಲಲ್ಲ. ನಮ್ಮಂಗಡೀಲಿ ದಾರ ಕತ್ತರಿಸೋ ಕತ್ತರಿ ಇದೆಯಲ್ಲ, ಎರಡು ಬೆರಳಲ್ಲಿ ಹಿಡಿಯೋದು. ಗುಂಡಿ ಕೆಳಗೆ ಹೋಗುತ್ತೆ. ಗಿಡದ ಕೆಳಗೂ ಹೋಗುತ್ತೆ.”

ಯಾರೂ ನಗುವುದಿಲ್ಲ. ನಾಲ್ಕೆಲೆಯಕ್ಕ ಒಂದು ತಗಚೆಯ ಬುಡ ನೋಡಿ, ಉಗುರಿನಿಂದ ಚಿವುಟಿ ನೋಡಿ, “ಎಷ್ಟಿವೆ?” ಎಂದು ಕೇಳುತ್ತಾರೆ. ನಾಲ್ಕಿವೆ. ಭಾನುವಾರ ಅಂಗಡಿ ಮುಚ್ಚಿರುತ್ತದೆ, ಆದರೆ ಟೈಲರ್ ಮೇಲಿನ ಮಹಡಿಯಲ್ಲೇ ಇರುತ್ತಾರೆ. “ಸೈಕಲ್ ತಗೊಂಡು ಹೋಗಿ,” ಎಂದು ಮಾವನಿಗೆ ಹೇಳಹೊರಟ ಸೊಸೆ ತುಟಿ ಕಚ್ಚಿಕೊಳ್ಳುತ್ತಾಳೆ. ಅವರ ಸೈಕಲ್ಲಿನ ಅರ್ಧ ಕುಂಟೆಯಾಗಿ ಬದುವಿನ ಮೇಲೆ ಬಿದ್ದಿದೆ. ಕೊನೆಗೆ ನರ್ಸಮ್ಮನೇ ಸ್ಕೂಟರ್ ತಿರುಗಿಸಿ ಅವಳನ್ನು ಹಿಂದೆ ಕೂರಿಸಿಕೊಂಡು ಹೋಗುತ್ತಾರೆ.

ಮುಕ್ಕಾಲು ಗಂಟೆಯಲ್ಲಿ ಕತ್ತರಿಗಳು ಬರುತ್ತವೆ. ಅಷ್ಟರಲ್ಲಿ ಎಲೆ ಬಿಚ್ಚಿವೆ. ನಾಲ್ವರು ಕೆಳಗಿನ ಮೂವತ್ತೆಂಟು ಸಾಲಿಗೆ ಕೈಯಲ್ಲೇ ಇಳಿಯುತ್ತಾರೆ. ಅತ್ತೆ, ಸೊಸೆ, ಇನ್ನಿಬ್ಬರು ಕತ್ತರಿ ಹಿಡಿದು ಮೇಲಕ್ಕೆ. ಮೊದಲ ಗಿಡಕ್ಕೆ ಸೊಸೆ ಕತ್ತರಿ ಹಾಕುವಾಗ ನಾಲ್ಕೆಲೆಯಕ್ಕ ಅವಳ ಕೈ ತಡೆಯುತ್ತಾರೆ. “ಇನ್ನೂ ಕೆಳಗೆ. ಈ ಗೆಣ್ಣಿನ ಮೇಲೆ ಕತ್ತರಿಸಿದ್ರೆ ಎರಡಾಗಿ ಚಿಗುರುತ್ತೆ. ಮಣ್ಣಿಗೆ ಸಮ ಮಾಡು.” ಟಕ್. ತಗಚೆ ವಾಲುತ್ತದೆ. ಮಣ್ಣು ಅಲುಗಿಲ್ಲ. ನಾಲ್ಕೆಲೆಯಕ್ಕ ಮತ್ತೆ ಬೋರಲು ಮಲಗಿ ನೋಡಿ, “ಸೂಜಿ ಇದ್ದ ಹಾಗೇ ಇದೆ,” ಎಂದು ಎಲ್ಲರಿಗೂ ಕೇಳುವಂತೆ ಹೇಳುತ್ತಾರೆ.

ಆಮೇಲೆ ಇಡೀ ದಿನ ಹೊಲದ ಮೇಲ್ತುದಿಯಲ್ಲಿ ಟಕ್ ಟಕ್ ಸದ್ದು. ಎರಡನೆಯ ಸಾಲಿನ ಹೊತ್ತಿಗೆ ಸೊಸೆ ಮುಂದೆ ಹೋಗಿದ್ದಾಳೆ. ಬೆರಳು ಅವಳಿಗೆ ಪಳಗಿದ್ದು. ಅತ್ತೆಗೆ ಕತ್ತರಿ ಹಿಡಿತಕ್ಕೆ ಬರುವುದಿಲ್ಲ, ಎರಡು ಸಲ ಚರ್ಮ ಚಿವುಟಿಸಿಕೊಳ್ಳುತ್ತಾರೆ. “ಹೆಬ್ಬೆರಳು ಹೀಗಲ್ಲ ಅತ್ತೆ, ಹೀಗೆ,” ಎಂದು ಸೊಸೆ ತಿರುಗಿ ಬಂದು ತೋರಿಸುತ್ತಾಳೆ. “ಆಯ್ತು ಟೀಚರಮ್ಮ,” ಎನ್ನುತ್ತಾರೆ ಅತ್ತೆ. ಚಿಕ್ಕಮ್ಮ ಕೆಳಗಿನಿಂದ ಕೂಗುತ್ತಾರೆ: “ಹಾಗೇ ಒಂದು ರವಿಕೆಗೂ ಅಳತೆ ತಗೊಳ್ರೇ!”

ಐದೂ ಹತ್ತಕ್ಕೆ ಇನ್ನೂರ ಅರವತ್ತನಾಲ್ಕನೆಯ ಸಾಲು ಮುಗಿಯುತ್ತದೆ. ಬದುವಿನ ಮೇಲೆ ಆ ದಿನದ ತಪ್ಪುಗಳು ನಾಲ್ಕು. ಅವುಗಳಲ್ಲಿ ಸೊಸೆಯದು ಒಂದೂ ಇಲ್ಲ, ಮೂರು ಮಾವನವು. ನರ್ಸಮ್ಮ ಹೊಲದ ಒಂದು ತುದಿಯಿಂದ ಇನ್ನೊಂದಕ್ಕೆ ನಡೆದು ಬಂದು, ಫೋನ್ ತೆಗೆದು ಟ್ರ್ಯಾಕ್ಟರಿನವರಿಗೆ ಹೇಳುತ್ತಾರೆ: “ನಾಳೆ ಬೇಡಪ್ಪ. ಹೌದು, ಬೇಡ. ಬೆಳೆ ಇದೆ.” ಫೋನ್ ಇಟ್ಟ ಮೇಲೂ “ಬೆಳೆ ಇದೆ” ಎಂದು ಇನ್ನೊಮ್ಮೆ ತಮಗೇ ಹೇಳಿಕೊಳ್ಳುತ್ತಾರೆ.

ಕೂಲಿಯ ಮೇಲೆ ಇನ್ನೇನಾದರೂ ಕೊಡಬೇಕು, ಏನು ಬೇಕು ಹೇಳಿ ಎಂದು ಅವರು ಒತ್ತಾಯಿಸಿದಾಗ ನಾಲ್ಕೆಲೆಯಕ್ಕ ಮೊದಲು ಬೇಡ ಎನ್ನುತ್ತಾರೆ. ಆಮೇಲೆ ಕೈಗೆ ನೀರು ಹಾಕಿಸಿಕೊಳ್ಳುತ್ತಾ ಹೇಳುತ್ತಾರೆ:

“ಕಾಯಿ ಕೀಳೋ ದಿನ ಒಂದು ಫೋನ್ ಮಾಡಿ ಮೇಡಂ. ಕೆಲಸಕ್ಕಲ್ಲ. ಅಷ್ಟೊತ್ತಿಗೆ ನಾವು ಇನ್ಯಾರದೋ ಹೊಲದಲ್ಲಿರ್ತೀವಿ, ಮಿಷನ್ ಬಂದು ಕಿತ್ತು ಮೂಟೆ ಕಟ್ಟಿಬಿಟ್ಟಿರುತ್ತೆ. ನಾವು ಕಳೆ ತೆಗೆದ ಹೊಲದಲ್ಲಿ ಕಾಯಿ ನೋಡಿದ್ದು ಇಷ್ಟು ವರ್ಷದಲ್ಲಿ ಎಲ್ಲೋ ಎರಡು ಸಲ. ಬಸ್ಸಲ್ಲಿ ಬಂದು, ಮೇಲಿನ ಮೂವತ್ತು ಸಾಲಲ್ಲಿ ಒಂದೇ ಒಂದು ಗಿಡ ಕಿತ್ತು ನೋಡಿ ಹೋಗ್ತೀವಿ.”

ಬದುವಿನಾಚೆ ಚಪ್ಪಲಿ ಹುಡುಕುತ್ತಿರುವ ಸೊಸೆಯತ್ತ ನೋಡಿ ದನಿ ತಗ್ಗಿಸುತ್ತಾರೆ.

“ಕಾಯಿ ಎಣಿಸೋಕೆ ಅವಳಿಗೇ ಬಿಡ್ತೀನಿ.”