ಇದ್ಯಾವ 'ಗೆಟ್ಟು', ಕಯೀವ?

ಸೂರ್ಯ ಇನ್ನೂ ಸರೋವರದಿಂದ ತಲೆ ಎತ್ತಿಲ್ಲ. ಕಿಗೊಬೆ ದಂಡೆಯ ತಗಡಿನ ಶೆಡ್ಡಿನಲ್ಲಿ ಆಗಲೇ ಮೊದಲ ಆಟ ಹೌಸ್‌ಫುಲ್. ರಾತ್ರಿಯೆಲ್ಲ ದೀಪ ಹಚ್ಚಿ ಮುಕೆನೆ ಎಂಬ ಸಣ್ಣ ಮೀನು ಹಿಡಿದವರು ಒದ್ದೆ ಚಡ್ಡಿಯಲ್ಲೇ ಬೆಂಚು ಹಿಡಿದಿದ್ದಾರೆ. ಟಿವಿ ಪಕ್ಕ ಮೈಕ್ ಹಿಡಿದು ಕೂತ ಸಣಕಲ ಆಸಾಮಿಯೇ ವೀಜೆ ಕಯೀವ. ಇಂಗ್ಲಿಷ್ ಸಿನಿಮಾ ಓಡುತ್ತಿದ್ದಂತೆ ಅಲ್ಲೇ, ಆಗಲೇ, ಅದನ್ನು ಊರವರ ಭಾಷೆ ಲುಗಾಂಡದಲ್ಲಿ ಹೇಳುವುದು ಅವನ ಕೆಲಸ. ಹೀರೋ, ವಿಲನ್, ಹೀರೋಯಿನ್, ಅವಳ ನಾಯಿ, ಎಲ್ಲರಿಗೂ ಒಂದೇ ಗಂಟಲು.

"ಗೆಟ್ ಔಟ್!" ಹೀರೋ ಗುಡುಗುತ್ತಾನೆ.

"ಇದ್ಯಾವ ಗೆಟ್ಟೋ?" ಇಡೀ ಶೆಡ್ಡು ಒಂದೇ ಉಸಿರಿಗೆ ಕೇಳುತ್ತದೆ.

"'ತೊಲಗಾಚೆ' ಗೆಟ್ಟು!"

ನರ್ಸು ಬಂದು ಹಣೆ ಸವರಿದರೆ 'ಬೇಗ ಹುಷಾರಾಗು' ಗೆಟ್ಟು. ವಿಲನ್ ಹಲ್ಲು ಕಡಿದರೆ 'ಕೈಗೆ ಸಿಗು ಮಗನೇ, ಒಣಮೀನು ಮಾಡ್ತೀನಿ' ಗೆಟ್ಟು. ಪಾದ್ರಿಯ ಮುಂದೆ ಜೋಡಿ ನಿಂತರೆ ಕಯೀವ ದನಿ ತಗ್ಗಿಸುತ್ತಾನೆ: "ಇದು ಭಾರೀ ಡೇಂಜರ್ ಗೆಟ್ಟು ಕಣ್ರಪ್ಪಾ, ಮದುವೆ!" ಗಂಡಸರೆಲ್ಲ ಶಿಳ್ಳೆ ಹಾಕುತ್ತಾರೆ.

ಮೊದಲು ಈ ಶೆಡ್ಡಿನಲ್ಲಿ ಕಸ ಗುಡಿಸುತ್ತಿದ್ದವನು ಕಯೀವ. ಒಂದು ದಿನ ಪಟ್ಟಣದ ವೀಜೆ ಬರಲಿಲ್ಲ, ಪೊರಕೆ ಕೆಳಗಿಟ್ಟು ಮೈಕ್ ಎತ್ತಿಕೊಂಡ. ಅವತ್ತು ಹೀರೋ "ಐ ಡೋಂಟ್ ಗೆಟ್ ಇಟ್" ಅಂದ. ಅರ್ಥವಾಗುತ್ತಿಲ್ಲ ಅನ್ನುವುದರ ಬದಲು, ಸಿಗುತ್ತಿಲ್ಲ ಎಂದುಬಿಟ್ಟ ಕಯೀವ.

"ಏನೋ ಕಳ್ಕೊಂಡಿದ್ದಾನೆ ಅಂತ ಸಿನಿಮಾ ಪೂರ್ತಿ ಜನ ಹುಡುಕಿದ್ರು. ಕೊನೆಗೆ ಹೀರೋನೇ ಸತ್ತ. 'ಅದು ಸಿಕ್ತೇನೋ?' ಅಂತ ಎದ್ದು ಕೇಳ್ತಾರೆ! ಅವತ್ತಿಂದ ಯಾವ ಗೆಟ್ಟು ಬಂದ್ರೂ ವಿಚಾರಣೆ," ಎಂದು ನಗುತ್ತಾನೆ. "ಈಗ ಪದ ನೋಡಲ್ಲ ನಾನು, ಮುಖ ನೋಡ್ತೀನಿ. ಗೆಟ್ಟು ಅಂದ್ರೆ ನಮ್ಮ ದೋಣಿ ಇದ್ದಂಗೆ. ಬೆಳಿಗ್ಗೆ ಮೀನು ಹೊರುತ್ತೆ, ಸಂಜೆ ಮದುಮಗಳನ್ನೂ ಹೊರುತ್ತೆ."

ಇವತ್ತು ಮಾತ್ರ ಆ ನಗು ಕೆನ್ನೆ ದಾಟುತ್ತಿಲ್ಲ. ಶೆಡ್ಡಿನ ಯಜಮಾನ ಹಾಜಿ ಸೆಕಿಟ್ಟೊ ಪಟ್ಟಣದಿಂದ ಹೊಸ ಡಿಸ್ಕು ತಂದಿದ್ದಾನೆ. ಹೆಸರುವಾಸಿ ವೀಜೆಯೊಬ್ಬನ ದನಿ ಅದರಲ್ಲೇ ಅಚ್ಚಾಗಿದೆ. ಎರಡನೇ ಆಟ ಅದೇ. ಜನ ಒಪ್ಪಿದರೆ ನಾಳೆಯಿಂದ ಕಯೀವನಿಗೆ ಮತ್ತೆ ಪೊರಕೆ.

ಡಿಸ್ಕು ಶುರು. ಏನು ಗಂಟಲು ಅದು, ತಗಡೇ ನಡುಗುತ್ತದೆ! ಕಯೀವ ಹಿಂದಿನ ಬೆಂಚಿನಲ್ಲಿ ಮೊಟ್ಟೆ ಸುತ್ತಿದ ಚಪಾತಿ ಹಿಡಿದು ಕೂತಿದ್ದಾನೆ, ಕಚ್ಚುತ್ತಿಲ್ಲ. ಪರದೆಯ ಮೇಲೆ ಯಾರೋ "ಗೆಟ್ ಡೌನ್!" ಎಂದು ಕೂಗುತ್ತಾರೆ.

"ಇದ್ಯಾವ ಗೆಟ್ಟೋ?"

ಡಿಸ್ಕು ತನ್ನ ಪಾಡಿಗೆ ಓಡುತ್ತದೆ. ಇನ್ನೊಂದು ಗೆಟ್ಟು, ಇನ್ನೊಮ್ಮೆ ಪ್ರಶ್ನೆ. ಅವಳಿ ಹೆತ್ತವಳೆಂದು ಊರೆಲ್ಲ ನಾಲೊಂಗೊ ಎಂದು ಕರೆಯುವ ಮೀನು ಒಣಗಿಸುವ ಮುದುಕಿ ಎದ್ದು ಪರದೆಗೇ ಅಡ್ಡ ನಿಲ್ಲುತ್ತಾಳೆ.

"ಏ ಪೆಟ್ಟಿಗೇ! ಇಷ್ಟು ಜನ ಕೇಳ್ತಿದ್ದೀವಲ್ಲ, ಕಿವುಡೇನೋ ನಿಂಗೆ?"

"ಅಮ್ಮಾ, ಅದು ಡಿಸ್ಕು, ಕೂತ್ಕೋ," ಹಾಜಿ ಗೋಗರೆಯುತ್ತಾನೆ.

"ಡಿಸ್ಕೋ ಗಿಸ್ಕೋ, ಮರ್ಯಾದೆ ಬೇಡ್ವಾ?"

ಆಗ ಪರದೆಯ ಮೇಲೆ ಹೀರೋ, ಗುಂಡು ತಿಂದ ಗೆಳೆಯನ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಪಿಸುಗುಡುತ್ತಾನೆ. "ಗೆಟ್ ಅಪ್..."

ಈ ಸಲ ಯಾರೂ ಕೂಗುವುದಿಲ್ಲ. ಎಲ್ಲ ತಲೆಗಳೂ ಹಿಂದಿನ ಬೆಂಚಿನ ಕಡೆ ತಿರುಗುತ್ತವೆ.

"ಇದ್ಯಾವುದೋ, ಕಯೀವ?" ನಾಲೊಂಗೊ ಮೆಲ್ಲಗೆ ಕೇಳುತ್ತಾಳೆ.

ಕಯೀವ ಚಪಾತಿ ಪಕ್ಕಕ್ಕಿಟ್ಟು ಹೀರೋನ ಮುಖ ನೋಡುತ್ತಾನೆ. "'ಏಳೋ ಲೋ... ನಿನ್ನ ಬಿಟ್ಟು ನಾನೊಬ್ನೇ ದಡಕ್ಕೆ ಹೆಂಗೋ ಹೋಗ್ಲಿ' ಅನ್ನೋ ಗೆಟ್ಟು."

ನಾಲೊಂಗೊ ಸೊಂಟದ ಬಟ್ಟೆಯ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಾಳೆ. ಹಾಜಿ ಡಿಸ್ಕು ನಿಲ್ಲಿಸಿ ಮೈಕಿನ ವೈರು ಜೋಡಿಸುತ್ತಾನೆ. "ಬಾರಯ್ಯ, ಬಂದು ಕೂತ್ಕೋ. ಈ ಜನರ ಬಾಯಿಗೆ ಬೀಳೋಕೆ ನನ್ನ ಕೈಲಾಗಲ್ಲ."

ಆಟ ಮುಗಿದ ಮೇಲೆ ಕಯೀವ ತಣ್ಣಗಾದ ಚಪಾತಿ ಮುರಿಯುತ್ತಾನೆ.

"ಪಟ್ಟಣದವನ ಗಂಟಲು ನಂಗಿಂತ ಚೆನ್ನಾಗೇ ಇದೆ, ಸುಳ್ಳ್ಯಾಕೆ ಹೇಳ್ಲಿ? ಆದ್ರೆ ಪಾಪ, ನಾಲೊಂಗೊ ಅಷ್ಟು ಚೆನ್ನಾಗಿ ಬೈದಿದ್ದು ಅವನಿಗೆ ಕೇಳಿಸ್ಲೇ ಇಲ್ವಲ್ಲ!"