ಅಜ್ಜಿಯ ಕೂದಲಿನ ಕರಡಿಗೆ

ಪರದೆಯ ಮೇಲೆ ಆ ಬಿಳಿಯ ಎಳೆ ಮೂರು ಪಿಕ್ಸೆಲ್ ದಪ್ಪವಿತ್ತು. ಎರಡಕ್ಕೆ ಇಳಿಸಿದೆ. ತುದಿಯನ್ನು ಕೊಂಚ ಸುರುಳಿ ಮಾಡಿದೆ. ಆಗ ಅದು ಕೂದಲಾಯಿತು.

ಬಿಡುವಿದ್ದಾಗ ನಾನು ಮಾಡುವ ಕೆಲಸ ಇದು. ಯಾರಾದರೂ ಕೇಳಿದರೆ ‘ಕಂಪ್ಯೂಟರಿನಲ್ಲಿ ಏನೋ ಡಿಸೈನು’ ಎಂದುಬಿಡುತ್ತೇನೆ. ಸತ್ತವರ ವಸ್ತುಗಳನ್ನು ಸ್ಕ್ಯಾನರಿನ ಗಾಜಿನ ಮೇಲೆ ಮಲಗಿಸಿ, ಚಿತ್ರ ತೆಗೆದು, ಎಲ್ಲೂ ಇಲ್ಲದ ಚಿನ್ನದ ಪೆಟ್ಟಿಗೆಯೊಳಗೆ ಕೂರಿಸುತ್ತೇನೆ ಎಂದು ನಿಜ ಹೇಳಿದರೆ, ನನ್ನನ್ನು ನೋಡಲು ಬಂದ ಗಂಡಿನ ಕಡೆಯವರು ಕಾಫಿ ಮುಗಿಸದೆ ಎದ್ದಾರು.

ಈ ಹುಚ್ಚು ಹಿಡಿಸಿದವಳು ಎಂ.ಎ. ಓದುವಾಗಿನ ಗೆಳತಿ ಆರೋಗ್ಯಮೇರಿ. ಅವಳ ಊರು ಹನೂರಿನಾಚೆ; ಮನೆಯಲ್ಲಿ ತಮಿಳು, ನಮ್ಮೊಡನೆ ಕನ್ನಡ. ಒಂದು ಭಾನುವಾರ ಅವರ ಚರ್ಚಿನಲ್ಲಿ ನನಗೆ ಅವಶೇಷ ತೋರಿಸಿದಳು. ಸೂರ್ಯನಂತೆ ಕಿರಣ ಚಾಚಿದ ಹಿತ್ತಾಳೆಯ ಚೌಕಟ್ಟು, ನಡುವೆ ರೂಪಾಯಿ ಅಗಲದ ಗಾಜು, ಅದರ ಹಿಂದೆ ಕೆಂಪು ಬಟ್ಟೆಯ ಮೇಲೆ ಯಾರೋ ಸಂತರ ಮೂಳೆಯ ಚೂರು. ರಾಗಿ ಕಾಳಿಗಿಂತ ದೊಡ್ಡದಲ್ಲ.

“ಮುಟ್ಟಬಹುದಾ?” ಎಂದೆ.

“ಗಾಜು ಮುಟ್ಟು. ಒಳಗಿರೋರು ನಿನ್ನ ಮುಟ್ತಾರೆ,” ಎಂದು ನಕ್ಕಳು.

ನಾನು ಕೈ ಹಿಂದಕ್ಕೆಳೆದುಕೊಂಡೆ. ಬೆಳ್ಳಿಯ ಕರಡಿಗೆಯಲ್ಲಿ ಲಿಂಗವಿಟ್ಟು ಎದೆಗೆ ಕಟ್ಟಿಕೊಂಡು ಓಡಾಡುವ ಜನ ನಾವು. ಆದರೂ ಆ ರಾಗಿ ಕಾಳು ನನ್ನನ್ನೇ ನೋಡುತ್ತಿದೆ ಅನ್ನಿಸಿತ್ತು.

ನನ್ನ ಕರಡಿಗೆಗಳು ಶುರುವಾದದ್ದು ಹಾಗೆ. ತಾತನ ಕನ್ನಡಕದ ಒಂಟಿ ಗಾಜಿಗೆ ಒಂದು. ಚಿಕ್ಕಪ್ಪನ ಅಂಗಿಯ ಗುಂಡಿಗೆ ಒಂದು. ಪೆಟ್ಟಿಗೆಗಳ ಚಿನ್ನಕ್ಕೆ ಅವ್ವನ ಧಾರೆ ಸೀರೆಯ ಜರಿಯಂಚನ್ನು ಸ್ಕ್ಯಾನ್ ಮಾಡಿಕೊಂಡಿದ್ದೆ. ಕಳೆದ ತಿಂಗಳು ಅಜ್ಜಿಯ ಸರದಿ. ಅವ್ವನ ತಾಯಿ, ಕೊನೆಯ ವರ್ಷಗಳಲ್ಲಿ ಧನಗೆರೆಯ ನಮ್ಮ ಮನೆಯಲ್ಲೇ ಇದ್ದಳು. ಅಜ್ಜಿ ಎಂದರೆ ಮಂಡಿ ಮುಟ್ಟುವ ಬಿಳಿ ಕೂದಲು. ಅದರ ಒಂದೆಳೆಯೂ ಉಳಿದಿರಲಿಲ್ಲ. ಬಾಚಿದಾಗ ಉದುರಿದ್ದನ್ನು ಅವಳು ಉಂಡೆ ಸುತ್ತಿ ನೀರೊಲೆಗೆ ಹಾಕುತ್ತಿದ್ದಳು. ಕೂದಲು ಇನ್ನೊಬ್ಬರ ಕೈಗೆ ಸಿಗಬಾರದೆಂಬ ಎಚ್ಚರವನ್ನು ಮಾಟಮಂತ್ರಕ್ಕೆ ಹೆಸರಾದ ಕೊಳ್ಳೇಗಾಲದ ಸೀಮೆಯಲ್ಲಿ ಹುಟ್ಟಿದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಉಳಿದದ್ದು ಅವಳೊಂದಿಗೇ ಮಣ್ಣಿಗೆ ಹೋಯಿತು.

ಹಾಗಾಗಿ ಕೊಳ್ಳೇಗಾಲದ ಮಗ್ಗದ ಮನೆಯೊಂದರಿಂದ ಒಂದು ಹಿಡಿ ಬಿಳಿ ರೇಷ್ಮೆ ತಂದು ಸ್ಕ್ಯಾನ್ ಮಾಡಿದೆ. ಒಬ್ಬನೇ ಸಂತನ ತಲೆ ಎರಡು ಊರುಗಳಲ್ಲಿ ಪೂಜೆಗೊಂಡಿದೆಯಂತೆ. ನನ್ನದು ಅಷ್ಟು ದೊಡ್ಡ ಸುಳ್ಳಲ್ಲ ಎಂದು ಸಮಾಧಾನ ಮಾಡಿಕೊಂಡೆ. ಕೆಳಗೆ, ಚರ್ಚಿನ ಮೂಳೆಯ ಚೂರಿಗಿದ್ದಂತೆ, ಅಜ್ಜಿಯ ಹೆಸರಿನ ಚೀಟಿಯನ್ನೂ ಬರೆದೆ. ಆ ಹೆಸರು ಬರೆಯಬಾರದಿತ್ತು.

ಅವ್ವ ಚಿತ್ರವನ್ನು ಯಳಂದೂರಿನ ತನ್ನ ಅಕ್ಕನಿಗೆ ಕಳಿಸಿದಳು. ದೊಡ್ಡವ್ವ ಪ್ರಿಂಟ್ ತೆಗೆಸಿ, ಕಟ್ಟು ಹಾಕಿಸಿ, ದೇವರ ಗೂಡಿನ ಪಕ್ಕ ತೂಗುಹಾಕಿ, ದಿನವೂ ವಿಭೂತಿ ಹಚ್ಚತೊಡಗಿದಳು. ಅದು ರೇಷ್ಮೆಯೆಂದು ನಾನು ಹೇಳಲಿಲ್ಲ. ಮೂರು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಅವಳ ಫೋನು ಬಂತು.

“ಮಗ, ನಾಳೀಕೆ ಮೈಸೂರ್ಗೆ ಓಗ್ಬೇಕು. ಒಟ್ಟೇಲಿ ಗೆಡ್ಡೆ ಅಂತೆ, ಆಪ್ರೇಸನ್ನು. ಅವ್ವನ ಕೂದ್ಲು ತಂದ್ಕೊಡು, ಸೆರಗಲ್ಲಿ ಗಂಟಾಕಂಡು ಓಯ್ತೀನಿ.”

“ಒಳಗೆ ಸೀರೆ ಉಡೋಕೆ ಬಿಡಲ್ಲ ದೊಡ್ಡವ್ವ.”

“ಅಂಗಾರೆ ಬಾಯಲ್ಲಿ ಮಡಿಕತೀನಿ. ಅವ್ವ ಜೊತೇಲಿಲ್ದೆ ನಾ ಆ ಟೇಬಲ್ ಅತ್ತಕಿಲ್ಲ, ಯೋಳ್ಬುಟ್ಟೆ.”

ಹಿಂದೆ ಯುರೋಪಿನಲ್ಲಿ ಅವಶೇಷಗಳನ್ನು ಬೆಂಕಿಗೆ ಒಡ್ಡಿ ಪರೀಕ್ಷಿಸುತ್ತಿದ್ದರಂತೆ. ನಿಜವಾದದ್ದು ಸುಡುವುದಿಲ್ಲ ಎಂಬ ನಂಬಿಕೆ. ನಮ್ಮ ಕಡೆ ಲೆಕ್ಕವೇ ಬೇರೆ. ಅಪ್ಪಟ ರೇಷ್ಮೆಯಾದರೆ ಸುಡಬೇಕು, ಕೂದಲು ಸುಟ್ಟ ವಾಸನೆ ಬರಬೇಕು; ಮಗ್ಗದ ಮನೆಯವರು ಕಡ್ಡಿ ಗೀರಿ ತೋರಿಸುತ್ತಾರೆ. ಸಂಜೆ, ಯಾಕೆಂದು ನನಗೇ ತಿಳಿಯದೆ, ಆ ರೇಷ್ಮೆಯ ಎರಡೆಳೆಯನ್ನು ಗ್ಯಾಸಿನ ಉರಿಗೆ ಹಿಡಿದೆ. ಎಳೆ ಮುದುರಿತು. ವಾಸನೆ ಎದ್ದಿತು. ಆಮೇಲೆ ಆ ವಾಸನೆ ಹೋಗಲೇ ಇಲ್ಲ. ಹಿತ್ತಿಲ ಬಾಗಿಲು ತೆಗೆದರೂ ಅಡಿಗೆಮನೆಯಲ್ಲೇ ನಿಂತಿತು.

ನಡುಮನೆಯಿಂದ ಅವ್ವ ಎದ್ದು ಬಂದಳು. “ಯಾರು ನೀರೊಲೆಗೆ ಕೂದ್ಲಾಕ್ದೋರು?”

ನೀರೊಲೆ ಒಡೆಸಿ ನಾಲ್ಕು ವರ್ಷವಾಗಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ. ಒಲೆ ಇದ್ದ ಮೂಲೆಯನ್ನು ನೋಡುತ್ತಿದ್ದಳು. ಸೆರಗು ಸರಿಮಾಡಿಕೊಂಡಳು, ಹಿರಿಯರೆದುರು ಮಾಡುವಂತೆ.

ಉಳಿದ ರೇಷ್ಮೆಯನ್ನು ಪೊಟ್ಟಣ ಕಟ್ಟಿದೆ. ಬೆಂಕಿಯೇ ಸಾಕ್ಷಿ ಹೇಳಿದ ಮೇಲೆ ಕೊಟ್ಟುಬಿಟ್ಟರಾಯಿತು, ದೊಡ್ಡವ್ವನ ಭಯವಾದರೂ ಹೋದೀತು ಎಂದುಕೊಂಡೆ. ಆದರೆ ಆ ಪೊಟ್ಟಣಕ್ಕೆ ಬೆನ್ನು ತಿರುಗಿಸಿ ಕೂರಲು ನನ್ನಿಂದಾಗಲಿಲ್ಲ. ಚಿತ್ರದೊಳಗಿನ ಸುಳ್ಳಿಗೆ ಚೌಕಟ್ಟಿರುತ್ತದೆ. ದೊಡ್ಡವ್ವನ ಬಾಯಿಗೆ ಚೌಕಟ್ಟು ಎಲ್ಲಿಂದ ತರಲಿ?

ಮರುದಿನ ಬೆಳಿಗ್ಗೆ ಬರಿಗೈಯಲ್ಲಿ ಯಳಂದೂರಿನ ಬಸ್ಸು ಹತ್ತಿದೆ. ದೊಡ್ಡವ್ವ ಜಗಲಿಯಲ್ಲಿ ತಲೆಗೂದಲು ಬಿಚ್ಚಿಕೊಂಡು ಕೂತಿದ್ದಳು. “ತಂದ್ಯಾ?” ಎಂದು ಅಂಗೈ ಚಾಚಿದಳು. ನಾನು ಅವಳ ಹಿಂದೆ ಕೂತು ಬಾಚಣಿಗೆ ತೆಗೆದುಕೊಂಡೆ. ಮುಖ ನೋಡಿ ಹೇಳುವ ಧೈರ್ಯವಿರಲಿಲ್ಲ.

“ಅದು ಕೂದಲಲ್ಲ ದೊಡ್ಡವ್ವ. ರೇಷ್ಮೆ. ಅಜ್ಜೀದು ಏನೂ ಉಳಿದಿಲ್ಲ.”

ಚಾಚಿದ ಕೈ ಹಾಗೇ ಇತ್ತು. ಕೂದಲು ನನ್ನ ಬೆರಳಿಗೆ ತಣ್ಣಗೆ ತಾಗುತ್ತಿತ್ತು. ಅವಳು ಮುಷ್ಟಿ ಮುಚ್ಚಿದಳು.

“ಮೂರ್ ವಾರ ಇಬೂತಿ ಅಚ್ಚುಸ್ದಲ್ಲೇ ನನ್ ಕೈಲಿ,” ಎಂದಳು. “ಎರಡ್ ಜಡೆ ಆಕು, ಬಿಗಿಯಾಗಿ. ಅಲ್ಲಿ ಬಾಚೋರು ಯಾರೂ ಇರಕಿಲ್ಲ. ನೀನೇ ಬಾ ಜೊತೇಲಿ.”

ಬಿಗಿಯಾಗಿ ಎರಡು ಜಡೆ ಹೆಣೆದೆ. ಅವಳ ಚೀಲ ಎತ್ತಿಕೊಂಡು ಮುಂದೆ ನಡೆದೆ.