ಗಾಲಿ ನೆಲ ಮುಟ್ಟಿದ ಮೇಲೆ

ಎರಡು ತಿಂಗಳಲ್ಲಿ ಮೂರನೆಯ ಸಲ ತಂಗಿಯ ಕಾರು ರಿಪೇರಿ ಶೆಡ್ಡಿನ ಮುಂದೆ ಬಂದು ನಿಂತಾಗ ಮೇಸ್ತ್ರಿ ಕೈಯೊರೆಸಿಕೊಳ್ಳುತ್ತ ಎದ್ದು ಬಂದ. ಬೆಳಗಿನ ಒಂಬತ್ತು ಗಂಟೆಗೇ ಅವನ ಮುಖದಲ್ಲಿ ಸಂಜೆಯ ದಣಿವಿತ್ತು. ತಂಗಿ ಇಂಜಿನ್ ಆರಿಸಿದ ಮೇಲೂ ಸ್ವಲ್ಪ ಹೊತ್ತು ಸ್ಟಿಯರಿಂಗ್ ಹಿಡಿದುಕೊಂಡೇ ಕೂತಿದ್ದಳು.

ಅವಳು ನರ್ಸ್. ಹಾಸಿಗೆ ಹಿಡಿದವರ ಮನೆಗೆ ಹೋಗಿ ಗಾಯ ತೊಳೆದು ಪಟ್ಟಿ ಕಟ್ಟುವುದು ಅವಳ ಕೆಲಸ. ಗುಡ್ಡದಾಚೆಯ ಏಳೆಂಟು ಮನೆಗಳಿಗೆ ಪ್ರತಿದಿನ ಈ ಇಪ್ಪತ್ತೆರಡು ವರ್ಷದ ಹಳೆಯ ಕಾರಿನಲ್ಲೇ ಓಡಾಟ. ಹಿಂದಿನ ದಿನ ಇಳಿಜಾರಿನ ತಿರುವಿನಲ್ಲಿ ಕಾರಿನ ಹಿಂಭಾಗ ತನ್ನ ಪಾಡಿಗೆ ತಾನು ಹೊರಕ್ಕೆ ಜಾರಿ, ಗಾಲಿ ಚರಂಡಿಯ ಅಂಚಿಗೆ ಹೋಗಿ ನಿಂತಿತ್ತಂತೆ. ಬೇರೆ ಯಾರಿಗೋ ಆದದ್ದೆಂಬಂತೆ ಹೇಳಿದಳು. ಕೀಲಿಕೈಯನ್ನು ಅವನ ಕೈಗಿಟ್ಟಳು.

"ಇವತ್ತು ರಜೆ ಹಾಕಿದೀನಿ, ನಾಳೆ ಮತ್ತೆ ಅದೇ ದಾರೀಲಿ ಹೋಗ್ಬೇಕಣ್ಣ. ನಮ್ಮನೆಯವ್ರು ಗುಜರಿಗೆ ಹಾಕು ಅಂತಾರೆ. ನಮ್ಮಣ್ಣ ಮುಟ್ಟಿದ ಗಾಡಿ, ಸುಮ್ನಿರಿ ಅಂತ ನಾನೇ ಬಾಯಿ ಮುಚ್ಚಿಸ್ತಾ ಇದೀನಿ. ಇನ್ನೆಷ್ಟು ದಿನ ಮುಚ್ಚಿಸ್ಲಿ?"

ಮೇಸ್ತ್ರಿ ಡಿಕ್ಕಿ ತೆಗೆದ.

ಮೂವತ್ತನಾಲ್ಕು ವರ್ಷದಿಂದ ಅದೇ ತಗಡಿನ ಶೆಡ್ಡು. ಕಾರಿನ ಹಿಂದುಗಡೆ ಸದ್ದು ಎಂದರೆ ಬೇರೆ ಗ್ಯಾರೇಜಿನವರೂ ಅವನ ಕಡೆಗೇ ಕೈ ತೋರಿಸುತ್ತಿದ್ದರು. ಅವನದೊಂದು ಪದ್ಧತಿಯಿತ್ತು. ಮೊದಲು ಡಿಕ್ಕಿಯಲ್ಲಿದ್ದ ಜಾಕು, ಸ್ಟೆಪ್ನಿ, ಕೊಡೆ, ಬಾಟಲಿ ಎಲ್ಲವನ್ನೂ ಇಳಿಸಿಬಿಡುವುದು. ಮೂರು ಕಡೆ ತೋರಿಸಿ ಸೋತು ಬಂದಿದ್ದ ಒಬ್ಬ ಮಾಸ್ತರರ ಕಾರಿನ ಸದ್ದಿಗೆ ಹಿಂದಿನ ಸೀಟಿನಡಿ ಉರುಳಾಡುತ್ತಿದ್ದ ಒಂದು ಸ್ಟೀಲು ಲೋಟವೇ ಕಾರಣವಾಗಿತ್ತು. ಲೋಟ ಕೈಗಿಟ್ಟು, ಕಾಫಿ ಕುಡಿಯಿರಿ ಎಂದು ಕಳಿಸಿದ್ದ. ಡಿಕ್ಕಿ ಖಾಲಿಯಾದ ಮೇಲೆ ಗಾಡಿಯವರನ್ನೇ ಓಡಿಸಲು ಹೇಳಿ, ತಾನು ಚಪ್ಪಲಿ ಬಿಟ್ಟು ಹಿಂದಿನ ಸೀಟಿನಲ್ಲಿ ಕೂತು, ಬರಿಗಾಲನ್ನು ಕಾರಿನ ತಳಕ್ಕೆ ಒತ್ತಿ ಕಣ್ಣು ಮುಚ್ಚುತ್ತಿದ್ದ. ಸದ್ದು ಕಿವಿಗೆ ಸುಳ್ಳು ಹೇಳಬಹುದು, ಅಂಗಾಲಿಗೆ ಹೇಳಲಾರದು ಎನ್ನುವುದು ಅವನ ಮಾತು.

ಈ ಕಾರಿಗೆ ಮೊದಲ ಸಲ ಹಿಂದಿನ ಗಾಲಿಗಳನ್ನು ಹಿಡಿದಿಡುವ ತೋಳುಗಳ ಸಂದಿಯ ರಬ್ಬರ್ ಬುಷ್ ಬದಲಿಸಿದ್ದ. ತಿಂಗಳಲ್ಲೇ ಮತ್ತೆ ಸದ್ದು ಬಂದಾಗ ಎರಡೂ ಶಾಕ್ ಅಬ್ಸಾರ್ಬರ್ ಹೊಸದು ಹಾಕಿದ್ದ. ಬುಷ್ ಕಡೆ ತಿರುಗಿಯೂ ನೋಡಿರಲಿಲ್ಲ. ತಾನೇ ಹಾಕಿದ್ದು, ಅದೂ ಆಗಷ್ಟೇ. ಮನೆಯವರ ಮೇಲೆ ಯಾರು ಅನುಮಾನಪಡುತ್ತಾರೆ?

ಈ ಮೂರನೆಯ ಸಲ ತಂಗಿ ಓಡಿಸಿದಳು, ಅವನು ಹಿಂದೆ ಕೂತ. ಉಬ್ಬು ದಾಟುವಾಗ ಟಕ್ ಎಂದಿತು. ತಿರುವಿನಲ್ಲಿ ಮೊದಲು ಮುಂಭಾಗ ತಿರುಗಿತು, ಒಂದು ಗಳಿಗೆ ತಡೆದು ಹಿಂಭಾಗ ನಡು ಬಳುಕಿಸಿತು. ಅವನ ಎರಡೂ ಅಂಗಾಲಿಗೆ ಅದು ಒಟ್ಟಿಗೇ ತಾಗಿತು. ಒಂದು ಪಕ್ಕದ ದೋಷವಲ್ಲ ಇದು. ಶೆಡ್ಡಿಗೆ ಮರಳಿದವನೇ ಕಾರನ್ನು ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ತೋಳಿನ ಸಂದಿಗೆ ಸಣ್ಣ ಹಾರೆ ಕೊಟ್ಟು ಮೀಟಿದ. ರಬ್ಬರ್ ಬಾಯಿಬಿಟ್ಟಿತು. ಇನ್ನೊಂದು ಪಕ್ಕದಲ್ಲೂ ಅಷ್ಟೇ, ಅದೇ ಜಾಗದಲ್ಲಿ ಅದೇ ದಿಕ್ಕಿಗೆ ಹರಿದಿತ್ತು. ವರ್ಷಗಟ್ಟಲೆ ಬಾಳಬೇಕಾದ್ದು ಎರಡೇ ತಿಂಗಳಿಗೆ.

ಅವನು ಹಾರೆ ಕೆಳಗಿಟ್ಟು ನೆಲದ ಮೇಲೇ ಕೂತ.

ಕಾರು ಮೇಲೆತ್ತಿದಾಗ ಗಾಲಿಗಳು ಜೋಲುತ್ತವೆ. ಆಗಲೇ ಬುಷ್ಷಿನ ಬೋಲ್ಟ್ ಬಿಗಿದರೆ ರಬ್ಬರ್ ಆ ಜೋಲಿದ ಭಂಗಿಯಲ್ಲೇ ಸಿಕ್ಕಿಬೀಳುತ್ತದೆ. ಕಾರು ಕೆಳಗಿಳಿದು ಗಾಲಿಯ ಮೇಲೆ ಭಾರ ಬಿದ್ದೊಡನೆ ತಿರುಚಿಕೊಳ್ಳುತ್ತದೆ, ತಿರುಚಿಕೊಂಡೇ ಓಡುತ್ತದೆ. ಒಬ್ಬರ ಕತ್ತು ಹಿಂದಕ್ಕೆ ಹೊರಳಿಸಿ ಹಿಡಿದು ದಿನವಿಡೀ ನಡೆಸಿದ ಹಾಗೆ. ಗಾಲಿ ನೆಲ ಮುಟ್ಟಿದ ಮೇಲೇ ಕೊನೆಯ ಬಿಗಿ ಎಂದು ಅವನೇ ಎಷ್ಟೋ ಜನಕ್ಕೆ ಕಲಿಸಿದ್ದ. ಆದರೆ ಹಾಗೆ ಬಿಗಿಯಲು ಗೇಣಗಲದ ಸಂದಿಯಲ್ಲಿ ಅಂಗಾತ ಮಲಗಿ ಕೈ ಮೇಲೆತ್ತಿ ಸ್ಪ್ಯಾನರ್ ಎಳೆಯಬೇಕು. ಹೋದ ವರ್ಷದಿಂದ ಅವನ ಬಲಭುಜ ಏಳುತ್ತಿರಲಿಲ್ಲ. ಬೆಳಿಗ್ಗೆ ಅಂಗಿಯ ತೋಳು ತೊಡಿಸುವವಳು ಹೆಂಡತಿ, ಯಾರಿಗೂ ಹೇಳಬೇಡವೆಂದು ಅವಳ ಬಾಯಿ ಕಟ್ಟಿದ್ದ. ಮೇಲೆತ್ತಿದ ಕಾರಿನ ಪಕ್ಕ ಕೂತು ಬಿಗಿಯುವುದು ಸುಲಭವಾಗಿತ್ತು. ಒಂದು ಸಲಕ್ಕೆ ಏನಾದೀತು ಎಂದುಕೊಂಡಿದ್ದ. ಆಮೇಲೆ ಅದೇ ರೂಢಿಯಾಗಿತ್ತು.

ತಂಗಿ ಬಗ್ಗಿ ಹರಿದ ರಬ್ಬರ್ ನೋಡಿದಳು. "ಅಂಗಡಿಯೋರು ಡೂಪ್ಲಿಕೇಟ್ ಮಾಲು ಕೊಟ್ರಾ?"

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಅವಳು ನಂಬುತ್ತಿದ್ದಳು, ಗಂಡನನ್ನೂ ನಂಬಿಸುತ್ತಿದ್ದಳು. ಅವನು ಬಹಳ ಹೊತ್ತು ಕೈಯ ಗ್ರೀಸು ತಿಕ್ಕಿದ.

"ಮಾಲು ಸರಿಯಾಗೇ ಇತ್ತು. ಬಿಗಿದಿದ್ದು ತಪ್ಪು. ಗಾಡಿ ಮೇಲಿದ್ದಾಗ್ಲೇ ಬಿಗಿದುಬಿಟ್ಟೆ. ಕೆಳಗೆ ಮಲಗಿದ್ರೆ ಭುಜ ಏಳಲ್ಲ ನಂಗೆ."

ತಂಗಿ ಹತ್ತಿರ ಬಂದು ಕೂತು, ರೋಗಿಯ ಕೈ ಹಿಡಿಯುವಂತೆಯೇ ಅವನ ತೋಳು ಹಿಡಿದು ಮೆಲ್ಲಗೆ ಎತ್ತಿದಳು. ಎದೆಯ ಮಟ್ಟಕ್ಕೆ ಬರುವಷ್ಟರಲ್ಲಿ ಅವನು ಹಲ್ಲು ಕಚ್ಚಿದ.

"ಊರೋರ ನೋವೆಲ್ಲ ನೋಡ್ತೀನಿ. ಸ್ವಂತ ತಂಗಿಗೆ ಹೇಳ್ಬೇಕು ಅನ್ನಿಸ್ಲಿಲ್ವಾ?"

"ಹೇಳಿದ್ರೆ ಕೆಲ್ಸ ಬಿಡು ಅಂತಿದ್ದೆ."

"ಅಂತಿದ್ದೆ. ಈಗ್ಲೂ ಅಂತೀನಿ. ನಿನ್ನೆ ಚರಂಡೀಲಿ ಬಿದ್ದಿದ್ರೆ ಯಾರನ್ನ ಕೇಳ್ಬೇಕಿತ್ತು ನಾನು?"

ಅವಳು ಉತ್ತರಕ್ಕೆ ಕಾಯದೆ ತಾನೇ ಅಂಗಡಿಗೆ ಹೋಗಿ ಹೊಸ ಬುಷ್ ತಂದಳು. ಅವನು ಕೂತೇ ಹಳೆಯದನ್ನು ಕಳಚಿ ಹೊಸದನ್ನು ಕೂರಿಸಿ, ಬೋಲ್ಟನ್ನು ಸಡಿಲವಾಗಿ ಬಿಟ್ಟ. ಕಾರನ್ನಿಳಿಸಿ ನಾಲ್ಕೂ ಗಾಲಿಗಳನ್ನು ದಪ್ಪ ಹಲಗೆಗಳ ಮೇಲೆ ಹತ್ತಿಸಿದರು. ಅವಳು ಸೆರಗು ಬಿಗಿದು, ಗೋಣಿಚೀಲ ಹಾಸಿ ಕಾರಿನಡಿ ತೂರಿದಳು. ದಪ್ಪ ದಪ್ಪ ರೋಗಿಗಳನ್ನು ಮಗ್ಗುಲು ಹೊರಳಿಸಿದ ತೋಳು ಅವಳದು.

"ಇಂಜೆಕ್ಷನ್ ಅಲ್ಲ ಅದು," ಎಂದ ಮೇಸ್ತ್ರಿ ಹೊರಗಿನಿಂದ. "ನೋವಾಗಲ್ಲ, ಎಳಿ."

"ನೀನು ಸುಮ್ನಿದ್ರೆ ಎಳೀತೀನಿ."

ಮಧ್ಯಾಹ್ನ ಇಳಿಜಾರಿನ ತಿರುವಿಗೆ ಹೋಗಿಬಂದರು. ಕಾರು ಒಂದೇ ಮೈಯಾಗಿ ತಿರುಗಿತು. ಉಬ್ಬಿನ ಮೇಲೂ ಸದ್ದಿಲ್ಲ. ಅವಳ ಕೈ ಸ್ಟಿಯರಿಂಗಿನ ಮೇಲೆ ಸಡಿಲವಾಯಿತು. ಕನ್ನಡಿಯಲ್ಲಿ ಕಂಡ ಅಣ್ಣನ ಮುಖ ಮಾತ್ರ ಬೆಳಗಿನ ಹಾಗೇ ಇತ್ತು.

"ಸರಿಹೋಯ್ತಲ್ಲ, ಇನ್ಯಾಕೆ ಹೀಗಿದೀಯಾ?"

"ಹೋದ ವರ್ಷದಿಂದ ಹೀಗೇ ಬಿಗಿದ ಗಾಡಿ ಇನ್ನೂ ನಾಲ್ಕಿದೆ."

ಅವಳು ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿದಳು. ನಾಳೆ ನಾಲ್ಕು ಗಂಟೆಗೆ ತನ್ನ ಕೊನೆಯ ಮನೆ ಮುಗಿಯುತ್ತದೆ, ಅಲ್ಲಿಂದ ನೇರ ಶೆಡ್ಡಿಗೆ ಬರುತ್ತೇನೆ, ದಿನಕ್ಕೊಂದು ಗಾಡಿಯಂತೆ ಮುಗಿಸೋಣ ಎಂದಳು. ಅದಾದ ಮೇಲೆ ಭುಜ ತೋರಿಸಲು ಅವಳು ಕರೆದಲ್ಲಿಗೆ ಅವನು ಬರಬೇಕು. ಅವನು ತಲೆಯಾಡಿಸಿ ಫೋನ್ ತೆಗೆದ.

"ನಾನು ಶೆಡ್ಡಿನ ಮೇಸ್ತ್ರಿ. ನಿಮ್ಮ ಗಾಡಿ ಹಿಂದುಗಡೆ ಕೆಲ್ಸದಲ್ಲಿ ನಾನೊಂದು ತಪ್ಪು ಮಾಡಿದೀನಿ. ಹೌದು, ನಾನೇ. ನಾಳೆ ಸಂಜೆ ತಗೊಂಡ್ಬನ್ನಿ. ಅಲ್ಲೀವರೆಗೂ ತಿರುವಲ್ಲಿ ನಿಧಾನ."

ಆ ಕಡೆಯವರು ಏನೋ ಬಹಳ ಹೊತ್ತು ಹೇಳಿದರು. ಅವನು ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಂಡ. ಆಮೇಲೆ ಎರಡನೆಯ ನಂಬರ್ ಹುಡುಕತೊಡಗಿದ.